ಶನಿವಾರ ಸಂಜೆ, ಎರಡು ಗ್ಲಾಸು, ನೀವಿಬ್ಬರೇ!

"ರೀ, ಈ ಶನಿವಾರ ನಾವೂ ಡೇಟ್ ನೈಟ್ ಮಾಡೋಣ್ವಾ?" ಅಂತ ಕೇಳಿದ್ದಕ್ಕೆ ನಮ್ಮನೆಯವರು ಮೊಬೈಲ್‌ನಿಂದ ತಲೆ ಎತ್ತದೇ ಏನು ಹೇಳಿದ್ರು ಗೊತ್ತಾ? "ಯಾವ ಡೇಟು? ಗ್ಯಾಸ್ ಬುಕ್ ಮಾಡೋ ಡೇಟಾ?"

ನಗು ಬಂತಾ? ನನಗೆ ಆವತ್ತು ನಗು ಬರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ. ಹಾಲಿನವನ ಲೆಕ್ಕ, ಮಗಳ ಟ್ಯೂಷನ್ ಫೀಸು, ಅತ್ತೆಯವರ ಬಿಪಿ ಮಾತ್ರೆ, ನೀರಿನ ಟ್ಯಾಂಕರ್... ಇವಿಷ್ಟನ್ನು ಬಿಟ್ಟು ನಾವಿಬ್ಬರೂ ಕೊನೆಯ ಸಲ ಮಾತಾಡಿದ್ದು ಯಾವಾಗ ಅಂತ ಯೋಚಿಸಿದರೆ ನೆನಪೇ ಆಗಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಾದ್ರೆ ಈ ಲೇಖನ ನಿಮಗೇ.

ನಮ್ಮನೆಯವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಮೂರು ವರ್ಷ ಆಯ್ತು. ಅಲ್ಲಿಯವರೆಗೆ ಪ್ರತಿ ಶುಕ್ರವಾರ ಆಫೀಸಿನ ಗೆಳೆಯರ ಜೊತೆ ಹೊರಗೆ ಹೋಗಿ ಬರುತ್ತಿದ್ದರು. ಡಾಕ್ಟರು ಬೇಡ ಅಂದ ಮೇಲೆ ಅದು ನಿಂತಿತು. ಸದ್ಯ, ಮನೆಯಲ್ಲಿ ಇರ್ತಾರಲ್ಲ ಅಂತ ಖುಷಿಪಟ್ಟೆ. ಆದರೆ ಮನೆಯಲ್ಲಿ ಇರೋದೇ ಬೇರೆ, ನಮ್ಮ ಜೊತೆ ಇರೋದೇ ಬೇರೆ ಅಂತ ಆಮೇಲೆ ಅರ್ಥವಾಯ್ತು. ಸಂಜೆ ಬಂದವರು ಸೋಫಾದಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೆ ಮಾತಿಲ್ಲ. ಅವರಿಗೆ ಬೇಕಿದ್ದದ್ದು ಆ ಪಾನೀಯ ಅಲ್ಲ, ಕೈಯಲ್ಲೊಂದು ಗ್ಲಾಸು ಹಿಡಿದು ನಿಧಾನವಾಗಿ ಕೂರುವ ಆ ಒಂದು ಗಂಟೆ ಅಂತ ನನಗೆ ಅನ್ನಿಸಿತು. ಅದನ್ನು ಮನೆಯಲ್ಲೇ ಯಾಕೆ ಕೊಡಬಾರದು?

ಕಾಕ್‌ಟೇಲ್ ಅಂದ ಕೂಡಲೇ ಹುಬ್ಬು ಏರಿಸಬೇಡಿ. ಹುಳಿ, ಸಿಹಿ, ಸ್ವಲ್ಪ ಕಹಿ ಅಥವಾ ಖಾರ, ತಂಪು - ಇವುಗಳನ್ನು ಹದವಾಗಿ ಬೆರೆಸುವುದೇ ಅದರ ಕಲೆ. ಮದ್ಯ ಇಲ್ಲದೆ ಮಾಡಿದರೆ ಮಾಕ್‌ಟೇಲ್. ಹುಳಿ-ಸಿಹಿ-ಖಾರದ ಹದ ನಮಗೆ ಯಾರಾದರೂ ಹೇಳಿಕೊಡಬೇಕಾ? ದಿನಾ ಸಾರು, ಗೊಜ್ಜು ಮಾಡೋರು ನಾವು!

ಮೊದಲು ಇಷ್ಟು ಸಿದ್ಧತೆ ಮಾಡಿಕೊಳ್ಳಿ

ಶೇಕರ್ ಇಲ್ಲವೇ? ಮುಚ್ಚಳ ಗಟ್ಟಿಯಾಗಿ ತಿರುಗಿಸುವ ಸ್ಟೀಲ್ ನೀರಿನ ಬಾಟಲಿ ಸಾಕು. ಅಗಲ ಬಾಯಿಯದಾದರೆ ಐಸ್ ಹಾಕೋದು ಸುಲಭ. ಅಳತೆಗೆ ಚಮಚವೇ ಸಾಕು: ಒಂದು ಟೀ ಚಮಚ 5 ಎಂ.ಎಲ್., ಒಂದು ಟೇಬಲ್ ಚಮಚ 15 ಎಂ.ಎಲ್. ಬಾರ್‌ನಲ್ಲಿ 30 ಎಂ.ಎಲ್. ಅಂತಾರಲ್ಲ, ಅದು ಎರಡು ಟೇಬಲ್ ಚಮಚ ಅಷ್ಟೇ.

ಸಕ್ಕರೆ ಪಾಕ: ತಣ್ಣಗಿನ ಪಾನೀಯದಲ್ಲಿ ಸಕ್ಕರೆ ಕರಗೋದಿಲ್ಲ, ತಳದಲ್ಲೇ ಕೂರುತ್ತೆ. ಹಾಗಾಗಿ ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಬಿಸಿ ಮಾಡಿ. ಸಕ್ಕರೆ ಕರಗಿದರೆ ಸಾಕು, ಎಳೆ ಪಾಕ ಬರುವವರೆಗೆ ಕುದಿಸಬೇಡಿ. ಆರಿದ ಮೇಲೆ ಶುಭ್ರವಾದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಬರುತ್ತೆ. ಕುದಿಯುವಾಗ ಒಂದು ತುಂಡು ಜಜ್ಜಿದ ಶುಂಠಿಯನ್ನೋ, ಎರಡು ಏಲಕ್ಕಿಯನ್ನೋ ಹಾಕಿದರೆ ಘಮವೇ ಬೇರೆ. ಒಂದು ಲೆಕ್ಕ ಮಾತ್ರ ಮರೀಬೇಡಿ: ಈ ಪಾಕದ ಒಂದು ಟೇಬಲ್ ಚಮಚದಲ್ಲಿ ಸುಮಾರು 8 ಗ್ರಾಂ ಸಕ್ಕರೆ ಇರುತ್ತೆ. ಅಂದರೆ ಎರಡು ಟೀ ಚಮಚ.

ಐಸ್: ಪಾನೀಯ ಕೆಡೋದು ಬಹುತೇಕ ಇಲ್ಲೇ! ಫ್ರೀಜರ್‌ನಲ್ಲಿ ತೆರೆದಿಟ್ಟ ಐಸ್, ಪಕ್ಕದಲ್ಲಿರುವ ತೆಂಗಿನತುರಿ, ಮೀನು, ಎಲ್ಲದರ ವಾಸನೆಯನ್ನೂ ಹೀರಿಕೊಳ್ಳುತ್ತೆ. ಫಿಲ್ಟರ್ ನೀರನ್ನು ಟ್ರೇಗೆ ತುಂಬಿ, ಮುಚ್ಚಿ ಇಡಿ. ಜೊತೆಗೆ ಎರಡು ಪುಟ್ಟ ಸ್ಟೀಲ್ ಬಟ್ಟಲಿನಲ್ಲೂ ನೀರಿಟ್ಟು ದೊಡ್ಡ ಗಟ್ಟಿ ಮಾಡಿಕೊಳ್ಳಿ. ದೊಡ್ಡ ಐಸ್ ನಿಧಾನ ಕರಗುತ್ತೆ, ಪಾನೀಯ ಬೇಗ ನೀರಾಗೋದಿಲ್ಲ. ಮಾತು ಉದ್ದ ಆದರೂ ಚಿಂತೆಯಿಲ್ಲ!

ಗ್ಲಾಸು: ಶೋಕೇಸಿನಲ್ಲಿ ಮದುವೆಗೆ ಬಂದ ಗ್ಲಾಸಿನ ಸೆಟ್ ಇದೆಯಲ್ಲ, "ಯಾರಾದ್ರೂ ಬಂದಾಗ" ಅಂತ ಎತ್ತಿಟ್ಟದ್ದು? ಇವತ್ತು ತೆಗೀರಿ. ನಿಮಗಿಂತ ದೊಡ್ಡ ಅತಿಥಿ ಯಾರು ಬರಬೇಕು ಹೇಳಿ?

ನಾನು ಮಾಡಿದ ಎಡವಟ್ಟು

ನನ್ನ ಮೊದಲ ಪ್ರಯತ್ನ ಹೇಗಿತ್ತು ಅಂತ ಹೇಳಿಬಿಡ್ತೀನಿ. ಪುದೀನ, ನಿಂಬೆರಸ, ಸಕ್ಕರೆ, ಐಸ್ ಎಲ್ಲಾ ಮಿಕ್ಸಿ ಜಾರಿಗೆ ಹಾಕಿದೆ. ಸೋಡವನ್ನೂ ಅದಕ್ಕೇ ಸುರಿದು ಸ್ವಿಚ್ ಒತ್ತಿದೆ. ಮುಚ್ಚಳ ಹಾರಿ ಸೀದಾ ಸೀಲಿಂಗಿಗೆ! ನನ್ನ ತಲೆ, ಸೀರೆ, ಗೋಡೆ ಮೇಲಿನ ಕ್ಯಾಲೆಂಡರ್ ಎಲ್ಲಾ ಹಸಿರು. ಸದ್ದಿಗೆ ನಮ್ಮನೆಯವರು ಓಡಿ ಬಂದರು. ಒಂದು ನಿಮಿಷ ನನ್ನನ್ನೇ ನೋಡಿದರು, ಆಮೇಲೆ ಜೋರಾಗಿ ನಕ್ಕರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ನನಗೆ ಮುಖ ಸಿಂಡರಿಸಬೇಕೋ ಖುಷಿಪಡಬೇಕೋ ತಿಳೀಲಿಲ್ಲ. ಇಬ್ಬರೂ ಸೇರಿ ಗೋಡೆ ಒರೆಸಿದೆವು. ನಮ್ಮ ಮೊದಲ ಡೇಟ್ ನೈಟ್ ಅಷ್ಟರಲ್ಲೇ ಮುಗೀತು!

ಪಾಠ ಇಷ್ಟೇ: ಸೋಡವನ್ನಾಗಲಿ, ಗ್ಯಾಸ್ ಇರುವ ಯಾವ ಪಾನೀಯವನ್ನಾಗಲಿ ಮಿಕ್ಸಿಗೂ ಹಾಕಬೇಡಿ, ಬಾಟಲಿಯಲ್ಲೂ ಕುಲುಕಬೇಡಿ. ಉಳಿದದ್ದನ್ನೆಲ್ಲ ಕುಲುಕಿ ಗ್ಲಾಸಿಗೆ ಹಾಕಿ, ಸೋಡವನ್ನು ಕೊನೆಯಲ್ಲಿ ಮೇಲಿನಿಂದ ನಿಧಾನಕ್ಕೆ ಸುರಿಯಿರಿ. ಬಿಸಿ ಡಿಕಾಕ್ಷನ್ ಕೂಡ ಮುಚ್ಚಿದ ಬಾಟಲಿಯಲ್ಲಿ ಕುಲುಕಬಾರದು. ಆರಿರಲೇಬೇಕು.

ಈಗ ನಾಲ್ಕು ಪಾನೀಯಗಳು. ಎಲ್ಲವೂ ಇಬ್ಬರಿಗೆ ಆಗುವ ಅಳತೆ.

1. ಪುನರ್ಪುಳಿ ಫಿಜ್

ಕರಾವಳಿಯವರಿಗೆ ಪುನರ್ಪುಳಿ, ಉತ್ತರ ಕನ್ನಡದವರಿಗೆ ಮುರುಗಲು, ಅಂಗಡಿಯವರಿಗೆ ಕೋಕಂ. ಬಣ್ಣ ನೋಡಿದರೆ ಥೇಟ್ ರೆಡ್ ವೈನ್!

ಬೇಕಾಗುವ ಸಾಮಗ್ರಿ: ಒಣ ಪುನರ್ಪುಳಿ ಸಿಪ್ಪೆ 8ರಿಂದ 10, ಬಿಸಿನೀರು ಅರ್ಧ ಲೋಟ, ಸಕ್ಕರೆ ಪಾಕ 2 ಟೇಬಲ್ ಚಮಚ, ಹುರಿದ ಜೀರಿಗೆ ಪುಡಿ ಕಾಲು ಟೀ ಚಮಚ, ಕಪ್ಪು ಉಪ್ಪು ಚಿಟಿಕೆ, ತಣ್ಣಗಿನ ಸೋಡ 300 ಎಂ.ಎಲ್., ಐಸ್.

ಮಾಡುವ ವಿಧಾನ: ಸಿಪ್ಪೆಯನ್ನು ತೊಳೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಚೆನ್ನಾಗಿ ಕಿವುಚಿ ಸೋಸಿ. ಪಾಕ, ಜೀರಿಗೆ ಪುಡಿ ಬೆರೆಸಿ ಫ್ರಿಜ್‌ನಲ್ಲಿಡಿ. ಕೊಡುವಾಗ ಗ್ಲಾಸಿಗೆ ಐಸ್ ಹಾಕಿ, ಅರ್ಧರ್ಧ ರಸ ಹಂಚಿ, ಮೇಲೆ ಸೋಡ ಹಾಕಿ. ಕೆಲವು ಅಂಗಡಿಯ ಸಿಪ್ಪೆಗೆ ಮೊದಲೇ ಉಪ್ಪು ಹಾಕಿರ್ತಾರೆ. ರುಚಿ ನೋಡಿಕೊಂಡೇ ಉಪ್ಪು ಸೇರಿಸಿ. ಸಕ್ಕರೆ ಕಾಯಿಲೆ ಇರೋರಿಗೆ ಪಾಕವನ್ನು ಪೂರ್ತಿ ಬಿಟ್ಟರೂ ಜೀರಿಗೆ-ಉಪ್ಪಿನಲ್ಲೇ ರುಚಿ ನಿಲ್ಲುತ್ತೆ. ನಮ್ಮನೆಯಲ್ಲಿ ಹಾಗೇ ಮಾಡೋದು.

2. ಬಣ್ಣ ಬದಲಿಸುವ ಶಂಖಪುಷ್ಪ

ಕಾಂಪೌಂಡಿನ ಮೇಲೆ ಹಬ್ಬಿರುವ ನೀಲಿ ಶಂಖಪುಷ್ಪ ಗೊತ್ತಲ್ಲ? ಅದರಲ್ಲೊಂದು ಮ್ಯಾಜಿಕ್ ಇದೆ. ಆ ಹೂವಿನ ಬಣ್ಣಕ್ಕೆ ಕಾರಣ ಆಂಥೋಸಯಾನಿನ್ ಅನ್ನುವ ವರ್ಣದ್ರವ್ಯ. ಹುಳಿ ತಾಗಿದರೆ ಅದು ನೀಲಿಯಿಂದ ನೇರಳೆಗೆ ತಿರುಗುತ್ತೆ.

ಬೇಕಾಗುವ ಸಾಮಗ್ರಿ: ತಾಜಾ ಶಂಖಪುಷ್ಪ 10ರಿಂದ 12 (ಔಷಧ ಸಿಂಪಡಿಸದ ಗಿಡದ್ದು), ಬಿಸಿನೀರು ಒಂದು ಲೋಟ, ನಿಂಬೆಹಣ್ಣು 1, ಶುಂಠಿ ಹಾಕಿದ ಪಾಕ 2 ಟೇಬಲ್ ಚಮಚ, ನೆನೆಸಿದ ಕಾಮಕಸ್ತೂರಿ ಬೀಜ 2 ಟೀ ಚಮಚ, ಸೋಡ ಅಥವಾ ತಣ್ಣೀರು 300 ಎಂ.ಎಲ್.

ಮಾಡುವ ವಿಧಾನ: ಹೂವಿನ ಹಸಿರು ತೊಟ್ಟು ತೆಗೆದು ತೊಳೆದು, ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಡಿ. ಕಡುನೀಲಿ ನೀರು ಸಿಗುತ್ತೆ. ಸೋಸಿ, ಆರಿಸಿ, ಐಸ್ ಟ್ರೇಗೆ ತುಂಬಿ ಹಿಂದಿನ ದಿನವೇ ಫ್ರೀಜರ್‌ನಲ್ಲಿಡಿ. ಕೊಡುವಾಗ ಗ್ಲಾಸಿಗೆ ಅರ್ಧ ನಿಂಬೆಯ ರಸ, ಒಂದು ಚಮಚ ಪಾಕ, ಕಾಮಕಸ್ತೂರಿ ಬೀಜ, ಸೋಡ ಹಾಕಿ. ಅವರ ಎದುರೇ ನೀಲಿ ಐಸನ್ನು ಅದರೊಳಗೆ ಬಿಡಿ. ಐಸ್ ಕರಗಿದ ಹಾಗೆ ಬಿಳಿ ಪಾನೀಯದಲ್ಲಿ ನೇರಳೆ ಎಳೆಗಳು ಇಳಿಯೋದನ್ನು ನೋಡ್ತಾ ಕೂರಬಹುದು. ಮಾತು ಶುರುವಾಗೋಕೆ ಇದಕ್ಕಿಂತ ನೆಪ ಬೇಡ. ಬಸುರಿಯರು ಮಾತ್ರ ಶಂಖಪುಷ್ಪ ಕುಡಿಯುವ ಮೊದಲು ಡಾಕ್ಟರನ್ನು ಕೇಳಿ.

3. ಪುದೀನ-ನಿಂಬೆ ಮೊಹಿತೊ

ಕ್ಯೂಬಾ ದೇಶದ ಪಾನೀಯ. ಅಲ್ಲಿ ರಮ್ ಹಾಕ್ತಾರೆ, ನಾವು ಹಾಕದೇ ಮಾಡೋಣ.

ಬೇಕಾಗುವ ಸಾಮಗ್ರಿ: ಪುದೀನ ಎಲೆ 20, ನಿಂಬೆಹಣ್ಣು 1, ಪಾಕ 3 ಟೇಬಲ್ ಚಮಚ, ಜಜ್ಜಿದ ಐಸ್, ಸೋಡ 300 ಎಂ.ಎಲ್.

ಮಾಡುವ ವಿಧಾನ: ನಿಂಬೆಯನ್ನು ಎಂಟು ಹೋಳು ಮಾಡಿ, ಗ್ಲಾಸಿಗೆ ನಾಲ್ಕರಂತೆ ಹಾಕಿ. ಪುದೀನ, ಪಾಕ ಹಾಕಿ ಸೌಟಿನ ಹಿಡಿಯಿಂದ ನಾಲ್ಕೈದು ಸಲ ಮೆಲ್ಲಗೆ ಒತ್ತಿ. ಚಟ್ನಿ ಅರೆದ ಹಾಗೆ ಅರೆಯಬೇಡಿ! ಎಲೆ ಹರಿದು ಪುಡಿಯಾದರೆ ಕಹಿ ಬಿಡುತ್ತೆ. ಘಮ ಬಂದರೆ ಸಾಕು. ಐಸ್ ತುಂಬಿ, ಸೋಡ ಹಾಕಿ, ಒಂದು ಸುತ್ತು ತಿರುಗಿಸಿ. ಮೇಲೆ ಸಿಕ್ಕಿಸುವ ಪುದೀನ ಕುಡಿಯನ್ನು ಮೊದಲು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಒಮ್ಮೆ ತಟ್ಟಿ. ಗ್ಲಾಸು ಎತ್ತಿದ ಕೂಡಲೇ ಮೂಗಿಗೆ ಬರೋದು ಆ ಘಮವೇ.

4. ಡಿಕಾಕ್ಷನ್ ಮಾರ್ಟಿನಿ

ಲಂಡನ್ನಿನಲ್ಲಿ 1980ರ ದಶಕದಲ್ಲಿ ಡಿಕ್ ಬ್ರಾಡ್‌ಸೆಲ್ ಅನ್ನುವ ಬಾರ್‌ಟೆಂಡರ್ ವೋಡ್ಕಾ ಮತ್ತು ಕಾಫಿ ಬೆರೆಸಿ ಒಂದು ಕಾಕ್‌ಟೇಲ್ ಮಾಡಿದರು. ಅದೇ ಎಸ್ಪ್ರೆಸ್ಸೊ ಮಾರ್ಟಿನಿ. ನಮ್ಮ ಫಿಲ್ಟರಿನ ಡಿಕಾಕ್ಷನ್ ಏನು ಕಮ್ಮಿ? ವೋಡ್ಕಾ ಇಲ್ಲದೆಯೂ ಗತ್ತು ಹಾಗೇ ಇರುತ್ತೆ.

ಬೇಕಾಗುವ ಸಾಮಗ್ರಿ: ಮೊದಲ ಸಲ ಇಳಿದ ಗಟ್ಟಿ ಡಿಕಾಕ್ಷನ್ 8 ಟೇಬಲ್ ಚಮಚ (ಪೂರ್ತಿ ಆರಿದ್ದು), ಏಲಕ್ಕಿ ಹಾಕಿದ ಪಾಕ 2 ಟೇಬಲ್ ಚಮಚ, ಐಸ್ ಧಾರಾಳವಾಗಿ, ಕಾಫಿ ಬೀಜ 6.

ಮಾಡುವ ವಿಧಾನ: ಸ್ಟೀಲ್ ಬಾಟಲಿಗೆ ಡಿಕಾಕ್ಷನ್, ಪಾಕ, ಐಸ್ ಹಾಕಿ ಮುಚ್ಚಳ ಬಿಗಿ ಮಾಡಿ 15-20 ಸೆಕೆಂಡು ಜೋರಾಗಿ ಕುಲುಕಿ. ಬಾಟಲಿ ಹೊರಗೆಲ್ಲ ಮಂಜು ಕಟ್ಟಿದರೆ ಆಯ್ತು ಅಂತ ಅರ್ಥ. ಟೀ ಸೋಸುವ ಜರಡಿಯಲ್ಲಿ ಕೂಡಲೇ ಸೋಸಿ ಚಿಕ್ಕ ಗ್ಲಾಸಿಗೆ ಹಾಕಿ. ಮೇಲೆ ಬರುವ ನೊರೆಯ ಮೇಲೆ ಮೂರು ಕಾಫಿ ಬೀಜ ಇಡಿ. ಇದನ್ನು ಸಂಜೆ ಬೇಗನೆ ಕುಡಿಯಿರಿ. ರಾತ್ರಿ ಹತ್ತಕ್ಕೆ ಕುಡಿದು "ನಿದ್ದೆ ಬರಲಿಲ್ಲ" ಅಂತ ನನ್ನನ್ನು ಬೈಯಬೇಡಿ!

ಗ್ಲಾಸಿಗೆ ಅಂಚು ಕಟ್ಟಿ: ಗ್ಲಾಸಿನ ಬಾಯಿಗೆ ನಿಂಬೆ ಹೋಳು ಸವರಿ, ತಟ್ಟೆಯಲ್ಲಿ ಹರಡಿದ ಉಪ್ಪು-ಅಚ್ಚಖಾರದ ಪುಡಿಯಲ್ಲಿ ಬೋರಲು ಒತ್ತಿ. ಸೀಬೆಹಣ್ಣಿನ ರಸಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಶಾಲೆ ಗೇಟಿನ ಮುಂದೆ ತಿಂದ ಉಪ್ಪು-ಖಾರದ ಸೀಬೆಕಾಯಿ ನೆನಪಾಗದಿದ್ದರೆ ಕೇಳಿ.

ವೈನ್ ಹಾಕಬಹುದಾ?

ಕೆಲವರ ಮನೆಯಲ್ಲಿ ಅಪರೂಪಕ್ಕೆ ಒಂದು ಗ್ಲಾಸ್ ವೈನ್ ನಡೆಯುತ್ತೆ. ಬಚ್ಚಿಡೋದು ಬೇಡ, ಬಿಚ್ಚಿ ಮಾತಾಡೋಣ. ನಂದಿ ಬೆಟ್ಟದ ತಪ್ಪಲಿನಲ್ಲೇ ವೈನ್ ದ್ರಾಕ್ಷಿ ಬೆಳೀತಾರೆ. ಕರ್ನಾಟಕ ಸರ್ಕಾರ 2007ರಲ್ಲಿ ಅದಕ್ಕಾಗಿಯೇ ವೈನ್ ನೀತಿ ತಂದಿತು. ನಿಮ್ಮಿಬ್ಬರಿಗೂ ಒಪ್ಪಿಗೆಯಿದ್ದರೆ ಸ್ಪೇನ್ ಕಡೆಯ ಸಾಂಗ್ರಿಯಾ ಮಾಡಬಹುದು: 200 ಎಂ.ಎಲ್. ರೆಡ್ ವೈನ್‌ಗೆ ಒಂದು ಕಿತ್ತಳೆಯ ಹೋಳು, ಅರ್ಧ ಸೇಬು, ಒಂದು ಚೂರು ಚಕ್ಕೆ ಹಾಕಿ ಮೂರು ಗಂಟೆ ಫ್ರಿಜ್‌ನಲ್ಲಿಟ್ಟು, ಕೊಡುವಾಗ ಸೋಡ ಸೇರಿಸಿ ಇಬ್ಬರಿಗೆ ಹಂಚಿ.

ಆದರೆ ಕೆಲವು ಮಾತು ಗಟ್ಟಿಯಾಗಿ ಹೇಳಲೇಬೇಕು. ಮದ್ಯ ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಸುರಿಯರಿಗೆ ಒಂದು ಗುಟುಕೂ ಬೇಡ. ನಿದ್ದೆ ಮಾತ್ರೆ ತಗೊಳ್ಳೋರಿಗೆ ಅಪಾಯ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತಗೊಳ್ಳೋರು ಕುಡಿದರೆ ಸಕ್ಕರೆ ಅಂಶ ಏಕಾಏಕಿ ಕುಸಿಯಬಹುದು, ಅದೂ ರಾತ್ರಿ ನಿದ್ದೆಯಲ್ಲಿ. ಡಾಕ್ಟರನ್ನು ಕೇಳದೆ ಕೈ ಹಾಕಬೇಡಿ. ನಮ್ಮನೆಯಲ್ಲಿ ಈ ಸಾಂಗ್ರಿಯಾ ಮಾಡದಿರೋದು ಅದಕ್ಕೇ.

ಇನ್ನೂ ಒಂದು ಮಾತು. ನಿಮ್ಮ ಯಜಮಾನರಿಗೆ ಕುಡಿತದ ಚಟವೇ ಇದ್ದರೆ? "ಹೊರಗೆ ಕುಡಿಯೋದಕ್ಕಿಂತ ಮನೆಯಲ್ಲೇ ಕುಡೀಲಿ, ನಾನೇ ಬೆರೆಸಿ ಕೊಡ್ತೀನಿ" ಅಂತ ಎಷ್ಟೋ ಹೆಣ್ಣುಮಕ್ಕಳು ಅಂದುಕೊಳ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಟ ಅನ್ನೋದು ಕಾಯಿಲೆ. ಹೆಂಡತಿ ಪ್ರೀತಿಯಿಂದ ಬೆರೆಸಿ ಕೊಟ್ಟ ಮಾತ್ರಕ್ಕೆ ಅದು ಹದಕ್ಕೆ ಬರೋದಿಲ್ಲ. ಕುಡಿತ ಬಿಟ್ಟು ಸ್ವಲ್ಪ ದಿನವಷ್ಟೇ ಆಗಿರೋರಿಗೆ ಬಾರ್ ಗ್ಲಾಸಿನಲ್ಲಿ ಕೊಡುವ ಮಾಕ್‌ಟೇಲ್ ಕೂಡ ಹಳೇ ಆಸೆ ಕೆರಳಿಸಬಹುದು. ಅಂಥ ಮನೆಯಲ್ಲಿ ಸ್ಟೀಲ್ ಲೋಟದಲ್ಲಿ ಪಾನಕ ಕೊಡಿ, ಅದೇ ಚೆಂದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಕುಡಿದು ಬಂದು ಕೈ ಎತ್ತುವವರಾದರೆ ಸಹಿಸಿಕೊಂಡು ಕೂರಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಅತ್ತೆ ಇದ್ದಾರೆ, ಮಕ್ಕಳಿದ್ದಾರೆ, ಹೇಗಪ್ಪಾ?

"ನಮ್ಮನೆ ಹಾಲ್‌ನಲ್ಲಿ ರೊಮ್ಯಾನ್ಸಾ?" ಅಂತ ನೀವು ಕೇಳೋದು ನನಗೆ ಕೇಳಿಸ್ತಿದೆ. ನಾನು ಶಂಖಪುಷ್ಪದ ಗ್ಲಾಸು ಹಿಡಿದು ಬಾಲ್ಕನಿಗೆ ಹೋಗುವಾಗ ಅತ್ತೆಯವರು ಎದುರಾದರು. "ಏನಮ್ಮಾ ಅದು, ಬಣ್ಣ ಬಣ್ಣದ್ದು?" ಅಂದರು. ಎದೆ ಧಸಕ್ ಅಂತು. "ಶಂಖಪುಷ್ಪದ ಶರಬತ್ತು ಅತ್ತೆ" ಅಂದೆ. "ಅಯ್ಯೋ, ಅದನ್ನ ದೇವರಿಗೆ ಏರಿಸ್ತೀವಲ್ಲೇ! ಕುಡೀಬಹುದಾ?" ಅಂತ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಪಾಲಿನದ್ದು ಅವರಿಗೇ ಕೊಟ್ಟೆ. ಮುಂದಿನ ಶನಿವಾರ ಅವರೇ "ನನ್ನದೊಂದು ಲೋಟ ಇಲ್ಲಿಟ್ಟು ನೀವು ಹೋಗಿ, ಮಗೂನ ನಾನು ಮಲಗಿಸ್ತೀನಿ" ಅಂದರು! ಹಿರಿಯರಿಂದ ಮುಚ್ಚಿಡಲು ಹೋದರೆ ಅನುಮಾನ, ಒಂದು ಲೋಟ ಕೊಟ್ಟರೆ ಸಹಾಯ. ನೆನಪಿಟ್ಟುಕೊಳ್ಳಿ.

ಜಾಗಕ್ಕೂ ಚಿಂತೆ ಬೇಡ. ಬಾಲ್ಕನಿ, ಟೆರೇಸು, ಅಡುಗೆಮನೆ ಕಟ್ಟೆ, ಎಲ್ಲಿಯಾದರೂ ಆದೀತು. ಎರಡು ಕುರ್ಚಿ ಎದುರುಬದುರು ಹಾಕಬೇಡಿ, ಅಕ್ಕಪಕ್ಕ ಹಾಕಿ. ಎದುರು ಕೂತರೆ ಇಂಟರ್‌ವ್ಯೂ ಅನ್ನಿಸುತ್ತೆ. ಮೊಬೈಲ್ ಎರಡೂ ಒಳಗಿರಲಿ. ಸ್ವಲ್ಪ ಹುರಿದ ಕಡಲೆಬೀಜಕ್ಕೆ ಈರುಳ್ಳಿ, ಸೌತೆ, ನಿಂಬೆ ಬೆರೆಸಿಟ್ಟುಕೊಳ್ಳಿ. ಕರಿಯೋ ಕೆಲಸ ಇಟ್ಟುಕೊಳ್ಳಬೇಡಿ, ನೀವು ಒಲೆ ಮುಂದೆ, ಅವರು ಹೊರಗೆ ಅಂತಾಗುತ್ತೆ. ಒಂದು ಸಲ ನೀವು ಮಾಡಿದರೆ ಇನ್ನೊಂದು ಸಲ ಅವರು ಮಾಡಲಿ. ಕುಲುಕೋ ಕೆಲಸವನ್ನಂತೂ ಅವರಿಗೇ ಕೊಡಿ!

ನೆನಪಿರಲಿ

* ಅಂಗಡಿಯ ಬಣ್ಣಬಣ್ಣದ ಸಿರಪ್ ಬಾಟಲಿಗಳಲ್ಲಿ ಬಹುಪಾಲು ಸಕ್ಕರೆಯೇ. ಲೇಬಲ್ ಓದಿ.
* ಒಂದು ಗ್ಲಾಸ್ ಕಿತ್ತಳೆ ರಸಕ್ಕೆ ಮೂರ್ನಾಲ್ಕು ಹಣ್ಣು ಬೇಕು, ನಾರು ಹೋಗಿ ಸಿಹಿಯಷ್ಟೇ ಉಳಿಯುತ್ತೆ. ಸಕ್ಕರೆ ಕಾಯಿಲೆಯವರಿಗೆ ರಸಕ್ಕಿಂತ ಹಣ್ಣಿನ ಎರಡು ಹೋಳು ತೇಲಿಬಿಡೋದು ವಾಸಿ.
* ಬಿಪಿ ಇರೋರ ಗ್ಲಾಸಿಗೆ ಉಪ್ಪಿನ ಅಂಚು ಬೇಡ. ಸೋಡ ಬದಲು ತಣ್ಣೀರು ಹಾಕಿದರೂ ನಡೆಯುತ್ತೆ.
* ಹೊಗೆ ಬರಿಸೋಕೆ ಅಂತ ಡ್ರೈ ಐಸ್, ಲಿಕ್ವಿಡ್ ನೈಟ್ರೋಜನ್ ಗೋಜಿಗೆ ಹೋಗಬೇಡಿ. ನುಂಗಿದರೆ ಹೊಟ್ಟೆಗೇ ಅಪಾಯ.
* ನಿಂಬೆರಸ ಆಗಲೇ ಹಿಂಡಿದ್ದಿರಲಿ. ಹಿಂದಿನ ದಿನದ್ದು ಕಹಿಯಾಗುತ್ತೆ.

ಕೊನೆಗೆ...

ಮೊದಲ ಶನಿವಾರ ಬಾಲ್ಕನಿಯಲ್ಲಿ ಕೂತಾಗ ಹತ್ತು ನಿಮಿಷ ಇಬ್ಬರಿಗೂ ಮಾತೇ ಬರಲಿಲ್ಲ, ನಿಜ ಹೇಳ್ತೀನಿ. ಬೀದಿ ದೀಪ ನೋಡಿದೆವು, ಐಸ್ ಅಲ್ಲಾಡಿಸಿದೆವು. "ಇದಕ್ಕೇನು ಹಾಕಿದೀಯಾ?" ಅಂದರು. "ಪುನರ್ಪುಳಿ" ಅಂದೆ. ಮತ್ತೆ ಮೌನ. ದುಡ್ಡು ದಂಡ, ಶ್ರಮ ದಂಡ ಅಂದುಕೊಂಡೆ.

ಮೂರನೇ ಶನಿವಾರ. ಅರ್ಧ ಗ್ಲಾಸು ಖಾಲಿಯಾಗಿತ್ತು. ಇದ್ದಕ್ಕಿದ್ದಂತೆ, "ಆಫೀಸಲ್ಲಿ ಜನ ತೆಗೀತಾ ಇದಾರೆ ಕಣೇ. ನನ್ನ ಹೆಸರೂ ಇರಬಹುದು. ಎರಡು ತಿಂಗಳಿಂದ ಹೇಳೋಕೆ ಆಗ್ತಿರಲಿಲ್ಲ" ಅಂದರು. ಆ ಮೌನ, ಆ ಮೊಬೈಲು, ಆ ಸಿಡುಕು ಎಲ್ಲಾ ಯಾಕೆ ಅಂತ ಆಗ ತಿಳೀತು. ನನ್ನ ಮೇಲೆ ಬೇಜಾರು ಅಂತ ನಾನು ಅಂದುಕೊಂಡಿದ್ದೆ. ನನಗೆ ಗಾಬರಿಯಾಗುತ್ತೆ ಅಂತ ಅವರು ಅಂದುಕೊಂಡಿದ್ದರು. ಆವತ್ತು ರಾತ್ರಿ ಹನ್ನೊಂದರವರೆಗೆ ಕೂತು, ಚೀಟಿ ದುಡ್ಡು ಎಷ್ಟಿದೆ, ಸಾಲದ ಕಂತು ಎಷ್ಟು, ಆರು ತಿಂಗಳು ಹೇಗೆ ತಳ್ಳಬಹುದು ಅಂತ ಲೆಕ್ಕ ಹಾಕಿದೆವು. ಕೆಲಸ ಹೋಗಿಯೇಬಿಟ್ಟಿತು. ನಾಲ್ಕು ತಿಂಗಳ ಮೇಲೆ ಕಡಿಮೆ ಸಂಬಳದ್ದು ಇನ್ನೊಂದು ಸಿಕ್ಕಿತು. ಆದರೆ ಆ ನಾಲ್ಕು ತಿಂಗಳನ್ನು ಅವರೊಬ್ಬರೇ ಹೊರಲಿಲ್ಲ. ನನಗೆ ಅದೇ ದೊಡ್ಡದು.

ಪುನರ್ಪುಳಿ ಸಂಸಾರ ಉಳಿಸಿತು ಅಂತ ನಾನು ಹೇಳ್ತಿಲ್ಲ. ಗ್ಲಾಸು ಒಂದು ನೆಪ. ಐಸ್ ಕರಗುವಷ್ಟು ಹೊತ್ತು ಒಂದೇ ಕಡೆ ಕೂರೋಕೆ ಒಂದು ಕಾರಣ, ಅಷ್ಟೇ. ಅದಕ್ಕೇ ಮೊದಲ ದಿನವೇ ಏನೋ ಆಗಿಬಿಡುತ್ತೆ ಅಂತ ಕಾಯಬೇಡಿ. ನಾಲ್ಕು ಶನಿವಾರ ಬಿಡದೆ ಮಾಡಿ. ಈಗ ನಮ್ಮನೆಯಲ್ಲಿ ಶುಕ್ರವಾರ ರಾತ್ರಿಯೇ ಐಸ್ ಟ್ರೇಗೆ ನೀರು ತುಂಬಿಡೋದು ಯಾರು ಗೊತ್ತಾ? "ಗ್ಯಾಸ್ ಬುಕ್ ಮಾಡೋ ಡೇಟಾ?" ಅಂದವರೇ!

ನಾಳೆ ತರಕಾರಿ ತರುವಾಗ ಎರಡು ನಿಂಬೆಹಣ್ಣು, ಒಂದು ಕಟ್ಟು ಪುದೀನ ಜಾಸ್ತಿ ತನ್ನಿ. ಶೋಕೇಸಿನ ಗ್ಲಾಸು ತೊಳೆದಿಡಿ. ಏನಂತೀರಿ?